ಆಲ್ದೂರಿನ ಓಪನ್ ಹೆರಾಲ್ಡ್: ಕೊಳ್ಳಬೇಕೋ ಬೇಡವೋ ಅಂತ ಕಳೆದ ಐದು ತಿಂಗಳು

ಹೋದ ದೀಪಾವಳಿಗೆ ಶುರುವಾದ ವಿಷಯ ಮೊನ್ನೆ ಭಾನುವಾರ ಒಂದು ದಡ ಮುಟ್ಟಿತು. ಈ ಐದು ತಿಂಗಳಲ್ಲಿ ಒಂಬತ್ತು ಸಲ ಎಸ್ಟೇಟಿಗೆ ಹೋಗಿದ್ದೇನೆ, ಐದು ಸಲ ಆರ್‌ಟಿಓ ಕಚೇರಿಗೆ, ಮೂರು ಸಲ ಹಾಸನಕ್ಕೆ. ಕಾರು ಇನ್ನೂ ಸ್ಟಾರ್ಟ್ ಆಗಿಲ್ಲ. ರಿಪೇರಿಯ ಕಥೆ ಇದಲ್ಲ. ಪಾಳು ಬಿದ್ದ, ಸ್ಟ್ಯಾಂಡರ್ಡ್ ಹೆರಾಲ್ಡ್ ಅನ್ನುವ ಒಂದು ಹಳೆ ಕಾರನ್ನು ಮನೆಗೆ ತರಬೇಕೋ ಬೇಡವೋ ಅನ್ನೋ ತೀರ್ಮಾನಕ್ಕೆ ಬರುವುದೇ ಎಷ್ಟು ದೊಡ್ಡ ಕೆಲಸ ಅನ್ನುವುದರ ಕಥೆ. ನಾನು ಹುಡುಕುವಾಗ ಕನ್ನಡದಲ್ಲಿ ಯಾರೂ ಇದನ್ನು ಬಿಡಿಸಿ ಬರೆದದ್ದು ಸಿಗಲಿಲ್ಲ. ನಮ್ಮ ಮಲೆನಾಡಿನ ಶೆಡ್ಡುಗಳಲ್ಲಿ ಇಂಥ ಕಾರುಗಳು ಇನ್ನೂ ಎಷ್ಟೋ ನಿಂತಿವೆ. ಯಾರಿಗಾದರೂ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಮ್ಮಪ್ಪ ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನಾಚೆ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವರು, ಆಗಿದ್ದರು. ಪಕ್ಕದ ಎಸ್ಟೇಟಿನ ಗೌಡರ ಹತ್ತಿರ ಒಂದು ಓಪನ್ ಕಾರಿತ್ತು, ಅಂದರೆ ಮೇಲೆ ಗಟ್ಟಿ ಟಾಪ್ ಇಲ್ಲದ್ದು. ತಿಳಿ ನೀಲಿ ಬಣ್ಣ, ಎರಡೇ ಬಾಗಿಲು, ಹಿಂದೆ ಸಣ್ಣ ರೆಕ್ಕೆಯಂಥ ಅಂಚು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಸಲ ಗೌಡರು ರಸ್ತೆಯಲ್ಲಿ ನಿಲ್ಲಿಸಿ, ನನ್ನನ್ನೂ ಅಪ್ಪನನ್ನೂ ಹತ್ತಿಸಿಕೊಂಡು ಆಲ್ದೂರಿನ ತನಕ ಬಿಟ್ಟಿದ್ದರು. ಹಿಂದಿನ ಸೀಟಿನಲ್ಲಿ ನಿಂತುಕೊಂಡೇ ಹೋಗಿದ್ದೆ. ಸಿಲ್ವರ್ ಓಕ್ ಮರಗಳು ತಲೆ ಮೇಲೇ ಹಿಂದಕ್ಕೆ ಓಡುತ್ತಿದ್ದವು. ಆ ಏಳೆಂಟು ಕಿಲೋಮೀಟರ್ ನನಗೆ ಇವತ್ತಿಗೂ ಹಾಗೇ ಇದೆ.

ದೀಪಾವಳಿಗೆ ಊರಿಗೆ ಹೋದಾಗ ಯಾರೋ ಹೇಳಿದರು, ಗೌಡರ ಮನೆಯ ಹಳೆ ಕಾರನ್ನು ಗುಜರಿಯವನು 35 ಸಾವಿರಕ್ಕೆ ಕೇಳಿದ್ದಾನೆ ಅಂತ. ಗೌಡರು ತೀರಿಹೋಗಿ ಹದಿನಾರು ವರ್ಷ ಆಗಿತ್ತು. ಮಾರನೇ ದಿನ ಬೆಳಿಗ್ಗೆಯೇ ಹೋದೆ. ಮನೆಯಲ್ಲಿ ಗೌಡರ ಹೆಂಡತಿ ಒಬ್ಬರೇ, ಅಮ್ಮ ಅಂತಲೇ ನಾನು ಅವರನ್ನು ಕರೆಯುವುದು. ನಾನು ಇಂಥ ರೈಟರ ಮಗ ಅಂದ ಕೂಡಲೇ ಗುರುತು ಹಿಡಿದರು. ಕಾಫಿ ಕೊಟ್ಟರು. ಆಮೇಲೆ ಶೆಡ್ಡಿನ ಬೀಗದ ಕೈ ಕೊಟ್ಟು, “ನೋಡ್ಕೊಂಡು ಬಾ ಮಗ, ಒಳಗೆ ಹಾವು ಇರುತ್ತೆ, ಹುಷಾರು” ಅಂದರು.

ಒಳಗೆ ನೋಡಿದರೆ ಎದೆ ಧಸಕ್ಕೆಂದಿತು. ಮಣ್ಣಿನ ನೆಲ. ನಾಲ್ಕೂ ಟೈರು ಮಣ್ಣಿಗೆ ಕುಸಿದಿದ್ದವು. ಮೇಲೆ ಟಾರ್ಪಾಲ್, ಅದರ ಮೇಲೆ ಹಳೆ ಗೋಣಿ ಚೀಲಗಳು. ಸೀಟಿನೊಳಗೆ ಇಲಿ ಗೂಡು ಮಾಡಿತ್ತು. ಕ್ಯಾನ್ವಾಸ್ ಹುಡ್ ಮುಟ್ಟಿದರೆ ಬೂದಿಯ ಹಾಗೆ ಉದುರುತ್ತಿತ್ತು. ಆದರೂ ಸ್ಟಿಯರಿಂಗ್ ಹಿಡಿದು ಕೂತ ಆ ಐದು ನಿಮಿಷದಲ್ಲಿ ನಾನು ಮನಸ್ಸಿನಲ್ಲೇ ಕಾರು ಕೊಂಡಾಗಿತ್ತು. ಮೊದಲ ಕಿವಿಮಾತು ಇದೇ: ಮೊದಲನೇ ಸಲ ನೋಡಲು ಹೋದಾಗ ಜೇಬಿನಲ್ಲಿ ದುಡ್ಡು ಇಟ್ಟುಕೊಂಡು ಹೋಗಬೇಡಿ. ನನ್ನ ಹತ್ತಿರ ಇದ್ದಿದ್ದರೆ ಅವತ್ತೇ ಅಡ್ವಾನ್ಸ್ ಕೊಟ್ಟು ಬರುತ್ತಿದ್ದೆ.

ಕಾರಿನ ಬಗ್ಗೆ ಸ್ವಲ್ಪ ಹೇಳಬೇಕು. ಇದು ಸ್ಟ್ಯಾಂಡರ್ಡ್ ಹೆರಾಲ್ಡ್. ಇಂಗ್ಲೆಂಡಿನಲ್ಲಿ ಟ್ರಯಂಫ್ ಹೆರಾಲ್ಡ್ ಅಂತ 1959ರಲ್ಲಿ ಬಂದದ್ದು. ಗೆರೆ ಎಳೆದವರು ಇಟಲಿಯ ಜೊವಾನಿ ಮಿಕೆಲೊಟ್ಟಿ. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿಯವರು ಇಲ್ಲೇ ತಯಾರಿಸಿದರು. 948 ಸಿಸಿ ಎಂಜಿನ್. ಆಗ ನಮ್ಮ ರಸ್ತೆಗಳಲ್ಲಿ ಇದ್ದದ್ದು ಮುಖ್ಯವಾಗಿ ಅಂಬಾಸಿಡರ್, ಫಿಯಟ್ ಮತ್ತು ಇದು. ಆ ಕಾಲದ ಹೆಚ್ಚಿನ ಹೊಸ ಕಾರುಗಳಿಗೆ ಬಾಡಿಯೇ ಚಾಸಿ (ಕಾರನ್ನು ಹೊರುವ ಕಬ್ಬಿಣದ ಚೌಕಟ್ಟು), ಎರಡೂ ಒಂದೇ. ಇದಕ್ಕೆ ಕೆಳಗೆ ಬೇರೆಯೇ ಚಾಸಿ ಇದೆ, ಲಾರಿಗೆ ಇದ್ದ ಹಾಗೆ. ಇಂಗ್ಲೆಂಡಿನಲ್ಲಿ ಆ ಕಂಪನಿಗೆ ಬಾಡಿ ಮಾಡಿಕೊಡುತ್ತಿದ್ದ ಕಾರ್ಖಾನೆಯನ್ನು ಎದುರಾಳಿ ಕಂಪನಿ ಕೊಂಡುಬಿಟ್ಟಿತ್ತು. ಹಾಗಾಗಿ ಬಾಡಿಯನ್ನು ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಬೋಲ್ಟ್ ಹಾಕಿ ಜೋಡಿಸುವ ದಾರಿ ಹಿಡಿದರು. ಮುಂದಿನ ಬಾನೆಟ್ಟು, ಮಡ್‌ಗಾರ್ಡು ಎಲ್ಲಾ ಸೇರಿ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಚಕ್ರದ ಮೇಲೆ ಕೂತುಕೊಂಡು ಎಂಜಿನ್ ಕೆಲಸ ಮಾಡಬಹುದು. 25 ಅಡಿ ಜಾಗದಲ್ಲಿ ಸುತ್ತು ಹೊಡೆದು ತಿರುಗುತ್ತದೆ. ಮನೆಯಲ್ಲಿ ನಿಧಾನಕ್ಕೆ ಬಿಚ್ಚಿ ಕೂಡಿಸುವವರಿಗೆ ಇದಕ್ಕಿಂತ ಒಳ್ಳೆ ಕಾರಿಲ್ಲ ಅಂತ ನಾನು ಈಗಲೂ ನಂಬಿದ್ದೇನೆ.

ಹಾಸನದಲ್ಲಿ ಒಬ್ಬರು ಹಳೇ ಮೇಸ್ತ್ರಿ ಇದ್ದಾರೆ, ಹೆರಾಲ್ಡ್ ಮೇಲೆ ಕೈ ಆಡಿಸಿದವರು. ಎಪ್ಪತ್ತು ದಾಟಿದೆ. ಅವರನ್ನು ಕರೆದುಕೊಂಡು ಹೋಗೋಣ ಅಂದರೆ ದಿನ ಕೂಡಿ ಬರಲಿಲ್ಲ. ನವೆಂಬರ್ ಕಳೆಯುವ ಹೊತ್ತಿಗೆ ಅರೇಬಿಕಾ ಹಣ್ಣು ಕೊಯ್ಲು ಜೋರಾಗಿತ್ತು. ಶೆಡ್ಡಿನ ಮುಂದಿನ ಕಣದಲ್ಲಿ ಕಾಫಿ ಒಣಗಲು ಹಾಕಿದ್ದರು, ಕಾಲಿಡಲು ಜಾಗ ಇರಲಿಲ್ಲ. ಒಂದು ಸಲ ಮೇಸ್ತ್ರಿ ಹಾಸನದಿಂದ ಬಸ್ಸಿನಲ್ಲಿ ಬೇಲೂರಿನ ತನಕ ಬಂದಿದ್ದರು, ಅಷ್ಟರಲ್ಲಿ ಎಸ್ಟೇಟಿನಿಂದ ಫೋನ್ ಬಂತು, “ಆನೆ ತೋಟಕ್ಕೆ ಇಳಿದಿವೆ, ಇವತ್ತು ಬರಬೇಡಿ”. ಅವರು ಅಲ್ಲಿಂದಲೇ ವಾಪಸ್ ಹೋದರು. ಕಾಫಿ ಸೀಮೆಯಲ್ಲಿ ಕಾರು ನೋಡುವುದಿದ್ದರೆ ಕೊಯ್ಲಿಗೆ ಮೊದಲು ನೋಡಿ, ಇಲ್ಲವೇ ಕೊಯ್ಲು ಮುಗಿಯುವ ತನಕ ತಾಳ್ಮೆ ಇಟ್ಟುಕೊಳ್ಳಿ. ನಡುವೆ ಹೋಗಿ ಅವರಿಗೂ ತೊಂದರೆ ಕೊಡಬೇಡಿ.

ಕೊನೆಗೆ ಡಿಸೆಂಬರ್ ಎರಡನೇ ವಾರ ಇಬ್ಬರೂ ಹೋದೆವು. ನಾನು ಬಣ್ಣ, ಗಾಜು, ಮೀಟರ್ ಅಂತ ಮೇಲೆ ಮೇಲೆ ನೋಡಿದ್ದೆ. ಮೇಸ್ತ್ರಿ ಬಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಗೋಣಿ ಹಾಸಿ ಕಾರಿನ ಕೆಳಗೆ ತೂರಿಕೊಂಡರು. ಸ್ಕ್ರೂಡ್ರೈವರ್ ಹಿಡಿಯಿಂದ ಚಾಸಿಗೆ ಉದ್ದಕ್ಕೂ ತಟ್ಟುತ್ತಾ ಹೋದರು. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಒಳಗೆ ತಿಂದು ಹೋಗಿದ್ದರೆ ಡಬ್ ಅನ್ನುತ್ತದೆ. ಡಬ್ ಅಂದ ಕಡೆ ಸ್ಕ್ರೂಡ್ರೈವರ್ ತಿರುಗಿಸಿ ಚುಚ್ಚಿದರು. ಎಡಗಡೆ ಅದು ಹಿಡಿಯ ತನಕ ಒಳಗೆ ಹೋಯಿತು.

ಹೆರಾಲ್ಡಿನ ಚಾಸಿಗೆ ನಡುವೆ ಎರಡು ಉದ್ದನೆ ಕಂಬಿ. ಅವುಗಳಿಂದ ಪಕ್ಕಕ್ಕೆ ಕೈ ಚಾಚಿದ ಹಾಗೆ ಸಣ್ಣ ತುಂಡುಗಳು ಬರುತ್ತವೆ, ಬಾಡಿ ಕೂರುವುದು ಅವುಗಳ ಮೇಲೆ. ಔಟ್‌ರಿಗರ್ ಅನ್ನುತ್ತಾರೆ. ಮೊದಲು ತುಕ್ಕು ಹಿಡಿಯುವುದು ಅವಕ್ಕೇ. ನಮ್ಮ ಕಾರಿನಲ್ಲಿ ಎಡಗಡೆಯವು ಪೂರಾ ಹೋಗಿದ್ದವು, ಬಲಗಡೆ ಅರ್ಧ. ಆದರೆ ನಡುವಿನ ಕಂಬಿಗಳು ಟಣ್ ಅಂದವು. ಆಮೇಲೆ ಜಾಕಿ ಹಾಕಿ ಒಂದು ಕಡೆ ಸ್ವಲ್ಪ ಎತ್ತಿ, ಬಾಗಿಲು ತೆಗೆದು ಹಾಕಿ ನೋಡಿದರು. ಚಾಸಿ ಬಗ್ಗಿದ್ದರೆ ಎತ್ತಿದಾಗ ಬಾಗಿಲಿನ ಸಂದು ಬದಲಾಗುತ್ತದೆ, ಬಾಗಿಲು ಕಚ್ಚಿಕೊಳ್ಳುತ್ತದೆ. ಮೇಲೆ ಟಾಪ್ ಇಲ್ಲದ ಕಾರಿಗೆ ಈ ಪರೀಕ್ಷೆ ಬಹಳ ಮುಖ್ಯ. ನಮ್ಮದು ಪಾಸಾಯಿತು.

ಇನ್ನೊಂದು ವಿಷಯ, ಇದು ಪ್ರಾಣಕ್ಕೆ ಸಂಬಂಧಪಟ್ಟದ್ದು. ಮುಂದಿನ ಚಕ್ರ ತಿರುಗುವ ಕಡೆ ಕೆಳಗೆ ಹಿತ್ತಾಳೆಯ ಒಂದು ತುಂಡಿದೆ, ಟ್ರನ್ನಿಯನ್ ಅಂತ. ಚಕ್ರ ಹಿಡಿದಿರುವ ಕಬ್ಬಿಣದ ಕಂಬ ಅದರೊಳಗೆ ಸ್ಕ್ರೂ ಹಾಗೆ ತಿರುಗಿಸಿ ಕೂರಿಸಿರುತ್ತದೆ. ಅದಕ್ಕೆ ಗೇರ್ ಆಯಿಲ್ ಹಾಕಬೇಕು. ಎಷ್ಟೋ ಕಡೆ ಗ್ರೀಸ್ ತುಂಬುತ್ತಾರೆ. ಗ್ರೀಸ್ ಗಟ್ಟಿಯಾಗಿ, ಒಳಗೆ ನೀರು ನಿಂತು, ಕಬ್ಬಿಣ ತುಕ್ಕು ಹಿಡಿದು ಒಂದು ದಿನ ಮುರಿಯುತ್ತದೆ. ಮುರಿದರೆ ಚಕ್ರ ಮಡಚಿಕೊಂಡು ಬೀಳುತ್ತದೆ. ಹೆರಾಲ್ಡ್ ಕೊಂಡವರು ಮೊದಲು ಇದನ್ನು ಬಿಚ್ಚಿಸಿ ನೋಡದೆ ಒಂದು ಅಡಿಯೂ ಓಡಿಸಬೇಡಿ ಅಂತ ಮೇಸ್ತ್ರಿ ಎರಡೆರಡು ಸಲ ಹೇಳಿದರು.

ಕೈ ಒರೆಸಿಕೊಳ್ಳುತ್ತಾ ಅವರು ಮುಂದಿನ ಗಾಜಿನ ಚೌಕಟ್ಟಿನ ಮೇಲೆ ಬೆರಳಾಡಿಸಿದರು. ಅಲ್ಲಿ ಸಾಲಾಗಿ ತೂತುಗಳಿದ್ದವು, ಪುಟ್ಟಿ ತುಂಬಿ ಬಣ್ಣ ಬಳಿದಿತ್ತು. ಹಿಂದೆ, ಸೀಟಿನ ಬೆನ್ನ ಹತ್ತಿರವೂ ಹಾಗೇ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, “ಸಾರ್, ಇದರ ಆರ್‌ಸಿ ನೋಡಿದ್ದೀರಾ?”

ನೋಡಿರಲಿಲ್ಲ. ದುಡ್ಡು ಎಷ್ಟು, ಬಣ್ಣ ಯಾವುದು ಹೊಡೆಸಬೇಕು ಅಂತೆಲ್ಲಾ ಯೋಚಿಸಿದ್ದೆ. ಆರ್‌ಸಿ ಕೇಳಿರಲೇ ಇಲ್ಲ.

ಅಮ್ಮ ಬೀರುವಿನಿಂದ ಒಂದು ಬಟ್ಟೆ ಗಂಟು ತೆಗೆದು ಕೊಟ್ಟರು. ಅದರಲ್ಲಿ ಹಳೇ ಮೈಸೂರು ರಾಜ್ಯದ ಆರ್‌ಸಿ ಪುಸ್ತಕ. ‘ಎಂವೈ’ಯಿಂದ ಶುರುವಾಗುವ ನಂಬರ್. 1965ರಲ್ಲಿ ನೋಂದಣಿ. ಟ್ಯಾಕ್ಸ್ ಕಟ್ಟಿದ ಸೀಲುಗಳು 1991ರ ತನಕ ಇವೆ, ಆಮೇಲೆ ಇಲ್ಲ. ಬಾಡಿ ಅನ್ನುವ ಕಡೆ ಮಸಿಯಲ್ಲಿ ಬರೆದಿತ್ತು: ಸಲೂನ್. ಅಂದರೆ ಮುಚ್ಚಿದ ಕಾರು.

ಹೆರಾಲ್ಡಿನ ಟಾಪ್ ಕೂಡ ಬೋಲ್ಟ್ ಹಾಕಿ ಕೂರಿಸಿದ್ದೇ. ಬಿಚ್ಚಿದರೆ ಬಂದುಬಿಡುತ್ತದೆ. ಇಂಗ್ಲೆಂಡಿನಲ್ಲಿ ಕಂಪನಿಯೇ 1960ರಿಂದ ಓಪನ್ ಹೆರಾಲ್ಡ್ ಮಾಡಿತ್ತು, ಅವುಗಳ ಬಾನೆಟ್ ಕೆಳಗಿನ ಕಂಪನಿ ಪ್ಲೇಟಿನಲ್ಲಿ ನಂಬರಿನ ಕೊನೆಗೆ ‘ಸಿವಿ’ ಅಂತ ಇರುತ್ತದೆ. ನಮ್ಮ ಕಾರಿನ ಪ್ಲೇಟಿನಲ್ಲಿ ಅದಿಲ್ಲ. ಯಾವುದೋ ಕಾಲದಲ್ಲಿ ಯಾರೋ ಟಾಪ್ ಬಿಚ್ಚಿ ಓಪನ್ ಮಾಡಿಸಿದ್ದರು. ನಾನು ಚಿಕ್ಕಂದಿನಲ್ಲಿ ಕೂತದ್ದು, ನಲವತ್ತು ವರ್ಷ ಕನಸು ಕಂಡದ್ದು ಟಾಪ್ ತೆಗೆದ ಸಲೂನನ್ನು. ವಾಪಸ್ ಬರುವಾಗ ಮೇಸ್ತ್ರಿಯ ಹತ್ತಿರ ಒಂದು ಮಾತೂ ಆಡಲಾಗಲಿಲ್ಲ.

ಅದರಿಂದ ಏನಾಗುತ್ತೆ, ಓಡಿದರೆ ಸಾಕಲ್ವಾ ಅಂತ ನೀವು ಕೇಳಬಹುದು. ಇಲ್ಲಿಂದ ಕಾಗದದ ಕಥೆ ಶುರು. ಸ್ವಲ್ಪ ಉದ್ದ ಇದೆ, ಆದರೆ ನಿಮಗೆ ಜಾಸ್ತಿ ಉಪಯೋಗಕ್ಕೆ ಬರುವುದು ಇದೇ.

ಇಷ್ಟು ಹಳೆಯ ಕಾರನ್ನು ಮತ್ತೆ ರಸ್ತೆಗೆ ತರಲು ಎರಡು ದಾರಿ. ಒಂದು, ಎಲ್ಲಾ ಕಾರಿನ ಹಾಗೆ ನೋಂದಣಿ ನವೀಕರಣ. ಕಾರು ತೋರಿಸಿ ಪಾಸ್ ಮಾಡಿಸಿದರೆ ಐದು ವರ್ಷಕ್ಕೆ ಕೊಡುತ್ತಾರೆ. ಇದರ ಶುಲ್ಕ 2022ರ ಏಪ್ರಿಲ್‌ನಿಂದ 5 ಸಾವಿರ ಆಗಿತ್ತು, 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿಗೆ 10 ಸಾವಿರ ಮಾಡಿದರು. ತಡವಾದದ್ದಕ್ಕೆ ತಿಂಗಳಿಗೆ 500 ಬೇರೆ. ಮೂವತ್ತು ವರ್ಷ ನಿಂತ ಕಾರಿಗೆ ಆ 500ನ್ನು ಯಾವಾಗಿನಿಂದ ಲೆಕ್ಕ ಹಾಕುತ್ತಾರೆ ಅನ್ನುವುದರ ಮೇಲೆ ನಿಮ್ಮ ಪೂರ್ತಿ ಬಜೆಟ್ ನಿಂತಿದೆ. ಬಾಯಿಮಾತಿಗೆ ಬಿಡಬೇಡಿ, ಅರ್ಜಿ ಕೊಟ್ಟು ಬರಹದಲ್ಲೇ ಉತ್ತರ ಪಡೆಯಿರಿ.

ಎರಡನೆಯದು ವಿಂಟೇಜ್ ನೋಂದಣಿ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ತಿದ್ದುಪಡಿ ತಂದು ಇದನ್ನು ಸೇರಿಸಿದರು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಫಾರಂ 20ರಲ್ಲಿ ಅರ್ಜಿ. ಹೊಸದಾಗಿ ಮಾಡಿಸಲು 20 ಸಾವಿರ, ಆಮೇಲೆ ಮರುನೋಂದಣಿಗೆ 5 ಸಾವಿರ. ಹತ್ತು ವರ್ಷದ ತನಕ ನಡೆಯುತ್ತದೆ. ಹಳೆಯ ನಂಬರ್ ಇದ್ದರೆ ಅದನ್ನೇ ಉಳಿಸಿಕೊಳ್ಳಬಹುದು. ಆದರೆ ದಿನಾ ಓಡಿಸುವ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ಹಾಕಿಸಲು, ರಿಪೇರಿಗೆ, ಇಂಥದ್ದಕ್ಕೆ ಮಾತ್ರ. ಮುಖ್ಯವಾದ ಷರತ್ತು: ಕಾರು ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು.

ನನ್ನ ಕಾರು ಎರಡು ದಾರಿಯಲ್ಲೂ ಸಿಕ್ಕಿಬಿತ್ತು. ಆರ್‌ಸಿಯಲ್ಲಿ ಸಲೂನ್, ಕಣ್ಣಿಗೆ ಕಾಣುವುದು ಓಪನ್. ಅನುಮತಿ ಇಲ್ಲದೆ ಹೀಗೆ ಬದಲಾಯಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್‌ಗೆ ಬರುತ್ತದೆ. ವಿಂಟೇಜ್‌ಗೂ ಮೂಲ ರೂಪ ಇಲ್ಲ. ಕಚೇರಿಯಲ್ಲಿ ಇನ್ಸ್‌ಪೆಕ್ಟರ್ ಒಬ್ಬರು ಸಮಾಧಾನವಾಗಿ ಕೂರಿಸಿಕೊಂಡು ಹೇಳಿದರು, “ಸಾರ್, ಪುಸ್ತಕದಲ್ಲಿ ಹೇಗಿದೆಯೋ ಹಾಗೆ ತನ್ನಿ, ನಾನು ನೋಡ್ತೀನಿ. ಇದನ್ನು ಹೀಗೇ ತಂದರೆ ನನ್ನ ಕೈಲಿ ಏನೂ ಆಗಲ್ಲ.” ತುಕ್ಕು ಹಿಡಿದ ಔಟ್‌ರಿಗರ್‌ಗಳ ಬಗ್ಗೆಯೂ ಕೇಳಿದೆ. ಅದೇ ಅಳತೆ, ಅದೇ ಆಕಾರದಲ್ಲಿ ಹಾಕಿಸಿ, ಬಿಚ್ಚುವ ಮೊದಲು ಮತ್ತು ಆಮೇಲೆ ಫೋಟೋ ಇಟ್ಟುಕೊಳ್ಳಿ, ಚಾಸಿ ನಂಬರ್ ಇರುವ ಜಾಗಕ್ಕೆ ಮಾತ್ರ ವೆಲ್ಡಿಂಗ್ ಮುಟ್ಟಿಸಬೇಡಿ ಅಂದರು. ನೀವೂ ಹೀಗೆ ದುಡ್ಡು ಕೊಡುವ ಮೊದಲು ಹೋಗಿ ಕೇಳಿ. ಏಜೆಂಟರ ಮೂಲಕ ಕೇಳಬೇಡಿ.

ಏಜೆಂಟರ ಮಾತು ಯಾಕೆ ಬಂತು ಅಂದರೆ, ಕಚೇರಿ ಹೊರಗೆ ಒಬ್ಬರು ನನ್ನನ್ನು ಒಂದು ವಾರ ನಿದ್ದೆ ಇಲ್ಲದ ಹಾಗೆ ಮಾಡಿದರು. “ಹೆರಾಲ್ಡ್ ಅಂದ್ರೆ ಟ್ರಯಂಫ್, ಇಂಗ್ಲೆಂಡ್ ಗಾಡಿ, ಇಂಪೋರ್ಟೆಡ್. ರಿನ್ಯೂವಲ್‌ಗೇ 80 ಸಾವಿರ ಆಗುತ್ತೆ” ಅಂದರು. 20 ವರ್ಷ ದಾಟಿದ ಆಮದು ಕಾರಿಗೆ ಅಷ್ಟು ಶುಲ್ಕ ಇರುವುದು ನಿಜವೇ. ನಾನು ನಂಬಿಬಿಟ್ಟೆ. ಆ ವಾರ ಪೂರ್ತಿ ಲೆಕ್ಕ ಹಾಕಿದ್ದೇ ಹಾಕಿದ್ದು. ಮತ್ತೆ ಎಸ್ಟೇಟಿಗೆ ಹೋಗಿ, ಬಾನೆಟ್ ಮಗುಚಿ, ಸೀಮೆಎಣ್ಣೆ ಬಟ್ಟೆಯಲ್ಲಿ ಪ್ಲೇಟ್ ಉಜ್ಜಿದರೆ ಸ್ಪಷ್ಟವಾಗಿ ಮದ್ರಾಸ್ ಅಂತ ಕಂಡಿತು. ಆರ್‌ಸಿಯಲ್ಲೂ ತಯಾರಕರ ಹೆಸರು ಸ್ಟ್ಯಾಂಡರ್ಡ್ ಅಂತಲೇ ಇತ್ತು, ನಾನೇ ಗಮನಿಸಿರಲಿಲ್ಲ. ಚಾಸಿ ನಂಬರಿಗೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತೆಗೆದುಕೊಂಡೆ, ಎಂಜಿನ್ ನಂಬರನ್ನೂ ತಾಳೆ ನೋಡಿದೆ. ಎರಡೂ ಹೊಂದಿದವು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ಎಷ್ಟೋ ಹಳೆ ಕಾರುಗಳಲ್ಲಿ ಎಂಜಿನ್ ಯಾವಾಗಲೋ ಬದಲಾಗಿರುತ್ತದೆ, ಪುಸ್ತಕದಲ್ಲಿ ಹಳೆಯ ನಂಬರೇ ಇರುತ್ತದೆ.

ಜನವರಿ ಹೊತ್ತಿಗೆ ನಾನು ಕೈ ಬಿಟ್ಟಿದ್ದೆ. ಬೆಂಗಳೂರಿನಲ್ಲಿರುವ ಅಮ್ಮನ ಮಗ ಆನ್‌ಲೈನ್‌ನಲ್ಲಿ ಬೆಲೆ ನೋಡಿ, ಓಪನ್ ಕಾರು ಅಪರೂಪ ಅಂತ 3 ಲಕ್ಷ ಹೇಳಿದ್ದರು. ಮೇಸ್ತ್ರಿ ಕೊಟ್ಟ ಅಂದಾಜು ಹೀಗಿತ್ತು: ಚಾಸಿ ಕೆಲಸ 60 ಸಾವಿರ, ಟಿಂಕರಿಂಗ್ ಪೇಂಟಿಂಗ್ ಒಂದೂವರೆ ಲಕ್ಷ, ಎಂಜಿನ್ 70 ಸಾವಿರ, ಬ್ರೇಕು, ಟೈರು, ವೈರಿಂಗ್ ಸೇರಿ 80, ಸೀಟಿನ ಕೆಲಸ 30. ಒಟ್ಟು 3 ಲಕ್ಷ 90 ಸಾವಿರ. ಅದರ ಮೇಲೆ ಒಂದು ಲಕ್ಷ ಸುಮ್ಮನೆ ಪಕ್ಕಕ್ಕಿಡಿ, ಹಳೆ ಗಾಡಿ ಬಿಚ್ಚಿದ ಮೇಲೇ ನಿಜ ಹೇಳುವುದು ಅಂದಿದ್ದರು. ನನ್ನ ಕೈಯಲ್ಲಿದ್ದದ್ದು ಚೀಟಿ ಎತ್ತಿದ ದುಡ್ಡು ಮತ್ತು ಉಳಿತಾಯ ಸೇರಿ 6 ಲಕ್ಷ. ನಾನು ಹೈಸ್ಕೂಲ್ ಮೇಷ್ಟ್ರು, ಅದರಾಚೆ ಸಾಲ ಮಾಡುವ ಧೈರ್ಯ ಇಲ್ಲ. ಆರರಲ್ಲಿ ಕೆಲಸದ ದುಡ್ಡು, ಆ ಒಂದು ಲಕ್ಷ ಎರಡನ್ನೂ ಕಳೆದರೆ ಕಾರಿಗೆ ಉಳಿಯುವುದು 1 ಲಕ್ಷ 10 ಸಾವಿರ. ಲೆಕ್ಕವನ್ನು ಈ ಕಡೆಯಿಂದ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲು ಕಾರಿನ ಬೆಲೆ ಒಪ್ಪಿಕೊಂಡು ಆಮೇಲೆ ಕೆಲಸಕ್ಕೆ ದುಡ್ಡು ಹುಡುಕಿದರೆ ಕಾರು ಅರ್ಧಕ್ಕೇ ನಿಲ್ಲುತ್ತದೆ. ಅಂಥ ಅರ್ಧ ಬಿಚ್ಚಿಟ್ಟ ಕಾರುಗಳನ್ನು ಮೇಸ್ತ್ರಿಯ ಶೆಡ್ಡಿನಲ್ಲೇ ಎರಡು ನೋಡಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಫೆಬ್ರವರಿ ಮೊದಲ ವಾರ ಅಮ್ಮನಿಗೆ ಆರ್‌ಸಿ ಪುಸ್ತಕ ವಾಪಸ್ ಕೊಟ್ಟು, ಆಗಲ್ಲ ಅಂತ ಹೇಳಿ ಬರಲು ಹೋದೆ. ಜೊತೆಗೆ ಹೆಂಡತಿಯೂ ಬಂದಿದ್ದಳು. ಜಗಲಿಯಲ್ಲಿ ಕೂತು ಮಾತಾಡುವಾಗ ಅಮ್ಮ ತಾವಾಗಿಯೇ ಹೇಳಿದರು, “ಮದುವೆಯಾದ ಹೊಸತರಲ್ಲಿ ಅದಕ್ಕೆ ಟಾಪ್ ಇತ್ತು ಕಣಪ್ಪ. ಆಮೇಲೆ ಇವರೇ ಹಾಸನಕ್ಕೆ ತಗೊಂಡು ಹೋಗಿ ತೆಗೆಸಿದ್ರು. ಬಟ್ಟೆ ಟಾಪ್ ಮಾಡಿಸಿದ್ರು, ಅದು ಯಾವತ್ತೂ ಸರಿಯಾಗಿ ಕೂರಲಿಲ್ಲ. ಮಳೆ ಬಂದ್ರೆ ನಾನು ಒಳಗೇ ಛತ್ರಿ ಹಿಡ್ಕೊಂಡು ಕೂತಿರ್ತಿದ್ದೆ.”

ನಾನು ಕೇಳಿದೆ, “ಅಮ್ಮ, ಆ ತೆಗೆದ ಟಾಪ್ ಏನು ಮಾಡಿದ್ರು?”

“ಅದಾ? ಕೋಳಿಗೂಡಿನ ಮೇಲಿದೆಯಲ್ಲ.”

ಓಡಿ ಹೋಗಿ ನೋಡಿದೆ. ತೋಟದ ಕೆಲಸದವರ ಲೈನ್ ಮನೆಗಳ ಹಿಂದೆ ಕೋಳಿಗೂಡು. ಅದರ ಮೇಲೆ, ಎರಡು ಕಲ್ಲು ಹೇರಿ, ಹೆರಾಲ್ಡಿನ ಟಾಪ್. ಹಸಿರು ಪಾಚಿ ಕಟ್ಟಿತ್ತು. ಉಗುರಿನಲ್ಲಿ ಕೆರೆದರೆ ಕೆಳಗೆ ಅದೇ ತಿಳಿ ನೀಲಿ. ಹಿಂದಿನ ಗಾಜು ಇರಲಿಲ್ಲ, ಒಂದು ಮೂಲೆ ತುಕ್ಕಿಗೆ ಹೋಗಿತ್ತು. ಆದರೆ ಆಕಾರ ಪೂರ್ತಿ ಇತ್ತು. ಬೋಲ್ಟ್ ತೂತುಗಳ ಫೋಟೋ ತೆಗೆದು ಮೇಸ್ತ್ರಿಗೆ ಕಳಿಸಿದೆ. ಹತ್ತು ನಿಮಿಷದಲ್ಲಿ ಫೋನ್ ಬಂತು, “ಸಾರ್, ಅದನ್ನ ಬಿಡಬೇಡಿ!”

ಇಷ್ಟಾದರೂ ನನಗೆ ಪೂರ್ತಿ ಸಂತೋಷ ಆಗಲಿಲ್ಲ, ಯಾಕೆ ಅಂತ ಆಗ ಗೊತ್ತಾಗಲಿಲ್ಲ. ಟಾಪ್ ಹಾಕಿದರೆ ಕಾಗದ ಸರಿಯಾಗುತ್ತದೆ, ವಿಂಟೇಜ್ ದಾರಿ ತೆರೆಯುತ್ತದೆ, ಬಾಡಿಯೂ ಗಟ್ಟಿಯಾಗುತ್ತದೆ. ಆದರೆ ನನ್ನ ಓಪನ್ ಕಾರು ಇರುವುದಿಲ್ಲ. ಮರಗಳು ತಲೆ ಮೇಲೆ ಓಡುವುದಿಲ್ಲ. ಬರುವಾಗ ಹೆಂಡತಿ ಕೇಳಿದಳು, “ಏನ್ರೀ, ಮೇಲೆ ಟಾಪ್ ಇದ್ರೆ ನಿಮಗೆ ಆ ಕಾರು ಬೇಡ್ವಾ?”

ಎರಡು ರಾತ್ರಿ ಅದನ್ನೇ ಯೋಚಿಸಿದೆ. ಟಾಪನ್ನು ತಪಾಸಣೆಗೆ ಮಾತ್ರ ಹಾಕಿ, ಆಮೇಲೆ ಬಿಚ್ಚಿ ಓಡಿಸಿ ಅಂತ ಸಲಹೆ ಕೊಟ್ಟವರೂ ಇದ್ದರು. ಬೋಲ್ಟ್ ಹಾಕಿದ ಟಾಪ್, ಮಾಡಬಹುದು. ಆದರೆ ಆ ಇನ್ಸ್‌ಪೆಕ್ಟರ್ ಅಷ್ಟು ಹೊತ್ತು ಕೂರಿಸಿ ಹೇಳಿದ್ದಾರೆ, ಅವರಿಗೆ ಒಂದು ತೋರಿಸಿ ಇನ್ನೊಂದು ಮಾಡಲು ನನಗೆ ಮನಸ್ಸಿಲ್ಲ. ಅಪಘಾತವಾದರೆ ಇನ್ಶೂರೆನ್ಸ್ ಕೂಡ ಕೈ ಹಿಡಿಯದೆ ಹೋಗಬಹುದು. ಅದಕ್ಕಿಂತ ಹೆಚ್ಚಾಗಿ, ಮದ್ರಾಸಿನಿಂದ ಬಂದ ದಿನ ಅದು ಹೇಗಿತ್ತೋ ಹಾಗೆ ನೋಡುವ ಆಸೆ ನಿಧಾನಕ್ಕೆ ಹುಟ್ಟಿತು. ಅಮ್ಮ ಮದುಮಗಳಾಗಿ ಕೂತು ಬಂದ ಕಾರು ಟಾಪ್ ಇದ್ದದ್ದೇ ಅಲ್ವಾ? ಮೂರನೇ ದಿನ ಬೆಳಿಗ್ಗೆ ಹೆಂಡತಿಗೆ ಹೇಳಿದೆ, ಬೇಕು ಅಂತ.

ಬೆಲೆಯ ಮಾತು ಸಲೀಸಾಗಿ ಮುಗಿಯಿತು. ಅಮ್ಮನ ಮಗನಿಗೆ ನನ್ನ ಲೆಕ್ಕದ ಕಾಗದವನ್ನೇ ಕಳಿಸಿದೆ, ಆರ್‌ಸಿಯ ಫೋಟೋವನ್ನೂ. ಓಪನ್ ಕಾರಿನ ಬೆಲೆ ಇದಕ್ಕೆ ಬರುವುದಿಲ್ಲ, ಯಾಕೆಂದರೆ ಕಾಗದದಲ್ಲಿ ಇದು ಓಪನ್ ಕಾರೇ ಅಲ್ಲ. ಅವರು ಎರಡು ದಿನ ಟೈಮ್ ತೆಗೆದುಕೊಂಡು 1 ಲಕ್ಷ 10 ಸಾವಿರಕ್ಕೆ ಒಪ್ಪಿದರು, ಕಾಗದದ ಖರ್ಚು ನನ್ನದು ಅನ್ನುವ ಮಾತಿನ ಮೇಲೆ. ಅಮ್ಮ ಒಂದೇ ಮಾತು ಹೇಳಿದ್ದರಂತೆ, “ಗುಜರಿಗೆ ಹೋಗೋದಕ್ಕಿಂತ ರೈಟರ ಮಗನ ಮನೆಗೆ ಹೋಗಲಿ.”

ಆದರೆ ಕಾರು ಇನ್ನೂ ತೀರಿಹೋದವರ ಹೆಸರಿನಲ್ಲಿತ್ತು. ಇದು ನಮ್ಮ ಕಡೆ ಬಹಳ ಸಾಮಾನ್ಯ. ಮಾಲೀಕರು ತೀರಿಕೊಂಡ ಮೇಲೆ ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ವಾರಸುದಾರರ ಹೆಸರಿಗೆ ಮಾಡಿಸಬೇಕು. ಯಾರೂ ಮಾಡಿಸುವುದಿಲ್ಲ. ಹಾಗಿರುವಾಗ ಮನೆಯವರು ಯಾರೋ ಒಬ್ಬರು ಮಾರಿದ ಕಾರನ್ನು ಕೊಂಡವರ ಹೆಸರಿಗೆ ಮಾಡುವ ಫಾರಂ 29, 30ಕ್ಕೆ ಸಹಿ ಹಾಕಿ ಕೊಟ್ಟರೆ ಅದಕ್ಕೆ ಬೆಲೆ ಇಲ್ಲ. ಮೊದಲು ಅಮ್ಮನ ಹೆಸರಿಗೆ, ಆಮೇಲೆ ನನ್ನ ಹೆಸರಿಗೆ. ಅದಕ್ಕೆ ಬೇಕಾದದ್ದು ಗೌಡರ ಮರಣ ಪ್ರಮಾಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಮಗ ಮತ್ತು ಮಗಳಿಂದ ಆಕ್ಷೇಪಣೆ ಇಲ್ಲ ಅಂತ ನೋಟರಿ ಮಾಡಿಸಿದ ಅಫಿಡವಿಟ್. ಮಗಳು ಶಿವಮೊಗ್ಗದಲ್ಲಿದ್ದರು. ಮದುವೆಯಾಗಿ ಹೋದವರು ಯಾಕೆ ಸಹಿ ಹಾಕಬೇಕು ಅಂತ ಮನೆಯಲ್ಲೇ ಒಬ್ಬರು ಕೇಳಿದರು. ಹಾಕಿಸಿ. ನಾಳೆ ಕಾರು ರೆಡಿಯಾಗಿ ಹೊಳೆಯುವಾಗ ಯಾರ ಮನಸ್ಸು ಹೇಗಿರುತ್ತದೆ ಅಂತ ಇವತ್ತು ಹೇಳಲಾಗದು. ನಾನೇ ಶಿವಮೊಗ್ಗಕ್ಕೆ ಹೋಗಿ ಬಂದೆ. ಅವರು ಊಟ ಹಾಕಿ, ಸಹಿ ಹಾಕಿ, ಅಪ್ಪ ಆ ಕಾರಿನಲ್ಲಿ ತೆಗೆಸಿದ ಒಂದು ಫೋಟೋವನ್ನೂ ಕೊಟ್ಟರು. ಅದರಲ್ಲಿ ಟಾಪ್ ಇದೆ! ಮೂಲ ರೂಪಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಇನ್ನೊಂದು ತಡೆ ಬಂತು. ಕೈಬರಹದ ಕಾಲದ ದಾಖಲೆ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಹಳೆಯ ರಿಜಿಸ್ಟರಿನಿಂದ ಬಿ ಎಕ್ಸ್‌ಟ್ರ್ಯಾಕ್ಟ್, ಅಂದರೆ ನೋಂದಣಿ ವಿವರದ ನಕಲು ತೆಗೆಸಿ, ಅದನ್ನು ಆರ್‌ಟಿಓದವರ ವಾಹನ್ ತಂತ್ರಾಂಶಕ್ಕೆ ಏರಿಸಿದ ಮೇಲೇ ಮುಂದಿನ ಅರ್ಜಿ. ರಿಜಿಸ್ಟರ್ ಹುಡುಕಲು 18 ದಿನ ಹಿಡಿಯಿತು. ಆ ಪುಟ ಸಿಗದಿದ್ದರೆ ಇಡೀ ವ್ಯವಹಾರ ಅಲ್ಲಿಗೇ ನಿಲ್ಲುತ್ತಿತ್ತು. ಅದಕ್ಕೇ ಛಾಪಾ ಕಾಗದದ ಮೇಲೆ ಒಪ್ಪಂದ ಬರೆದು 25 ಸಾವಿರ ಮಾತ್ರ ಅಡ್ವಾನ್ಸ್ ಕೊಟ್ಟಿದ್ದೆ, ದಾಖಲೆ ಸಿಗದಿದ್ದರೆ ಅದು ವಾಪಸ್ ಅಂತ ಬರೆಸಿದ್ದೆ. ಪುಟ ಸಿಕ್ಕಿತು ಅಂತ ಫೋನ್ ಬಂದಾಗ ನಾನು ಕ್ಲಾಸಿನಲ್ಲಿದ್ದೆ, ಹೊರಗೆ ಬಂದು ಒಂದು ನಿಮಿಷ ಕಂಬ ಹಿಡಿದುಕೊಂಡು ನಿಂತೆ.

ಕಾಗದಕ್ಕೆ ಇಲ್ಲಿಯ ತನಕ ಅಫಿಡವಿಟ್, ಶುಲ್ಕ, ಓಡಾಟ ಎಲ್ಲಾ ಸೇರಿ 14 ಸಾವಿರದ ಚಿಲ್ಲರೆ ಆಗಿದೆ. ವಿಂಟೇಜ್ ಅರ್ಜಿ ಇನ್ನೂ ಮುಂದಿದೆ, ಕಾರು ಸಿದ್ಧವಾದ ಮೇಲೆ.

ಮೊನ್ನೆ ಭಾನುವಾರ ಕಾರು ತಂದೆವು. ನೋಂದಣಿ, ಇನ್ಶೂರೆನ್ಸ್ ಇಲ್ಲದ ಕಾರನ್ನು ಹಗ್ಗ ಕಟ್ಟಿ ಎಳೆದು ತರಬೇಡಿ. ಬ್ರೇಕ್ ಇಲ್ಲದ ಕಾರು ನಮ್ಮ ಇಳಿಜಾರು ತಿರುವುಗಳಲ್ಲಿ ಬಹಳ ಅಪಾಯ. ಫ್ಲಾಟ್‌ಬೆಡ್ ಲಾರಿಗೆ 6,500 ಕೊಟ್ಟೆ. ಕುಸಿದ ಚಕ್ರ ಮಣ್ಣಿನಿಂದ ಎತ್ತಲು ಲೈನಿನ ನಾಲ್ಕು ಜನ ಹಾರೆ ಹಿಡಿದು ಬಂದರು, ಎರಡು ಗಂಟೆ ಬೇಕಾಯಿತು. ಎಡಗಡೆ ತಳ ಕಳಚಿ ಬೀಳಬಾರದು ಅಂತ ಮೇಸ್ತ್ರಿ ಮೊದಲೇ ಹೇಳಿದ್ದ ಹಾಗೆ ಅಡಿಕೆ ಮರದ ದಬ್ಬೆ ಕೊಟ್ಟು ಕಟ್ಟಿದೆವು. ಟಾಪನ್ನು ಹಿಂದಿನ ದಿನವೇ ಇಳಿಸಿ, ಕೋಳಿಗೂಡಿಗೆ ಹೊಸ ಶೀಟ್ ಹಾಕಿಸಿ ಕೊಟ್ಟಿದ್ದೆ, ಅದಕ್ಕೆ 2,800. ಕೆಲವು ದಿನಗಳ ಹಿಂದೆ ಹೂಮಳೆ ಬಂದಿತ್ತು, ಕಾಫಿ ಹೂವು ಬಿಟ್ಟು ತೋಟವೆಲ್ಲಾ ಬೆಳ್ಳಗಿತ್ತು. ಅಮ್ಮ ಜಗಲಿಯಿಂದ ಇಳಿದು ಬಂದು ಬಾನೆಟ್ಟಿಗೆ ಕುಂಕುಮ ಇಟ್ಟರು. ಲಾರಿ ಗೇಟು ದಾಟುವ ತನಕ ಅಲ್ಲೇ ನಿಂತಿದ್ದರು.

ಕಾರು ಈಗ ನಮ್ಮ ಮನೆಯ ಪಕ್ಕದ ಶೀಟಿನ ಕೆಳಗಿದೆ, ಸಿಮೆಂಟ್ ನೆಲದ ಮೇಲೆ, ನಾಲ್ಕು ಸ್ಟ್ಯಾಂಡ್ ಕೊಟ್ಟು. ಟಾಪ್ ಬಚ್ಚಲುಮನೆ ಗೋಡೆಗೆ ಒರಗಿದೆ. ನಿನ್ನೆ ಸಂಜೆ ನಾನೂ ಹೆಂಡತಿಯೂ ತೆಂಗಿನ ನಾರಿನಲ್ಲಿ ಅದರ ಪಾಚಿ ತಿಕ್ಕಿ ತೊಳೆದೆವು. ಮೇಸ್ತ್ರಿ ಶನಿವಾರ ಬರುತ್ತಾರೆ. ಮೊದಲು ಟ್ರನ್ನಿಯನ್ ಬಿಚ್ಚುವುದು, ಬೇರೆ ಯಾವುದಕ್ಕೂ ಕೈ ಹಾಕಬೇಡಿ ಅಂದಿದ್ದಾರೆ.